ಹೌದ್ರಿ ಎನ್ನುವವರ ಕಣ್ಣು

ನಾನು ನರ್ಸಾಗಿ ಮೂರು ತಾಲ್ಲೂಕಿನ ನೀರು ಕುಡಿದವಳು. ಮೊದಲು ಜೇವರ್ಗಿ, ಆಮೇಲೆ ಅಫಜಲಪುರ, ಕೊನೆಗೆ ನನ್ನ ತವರಿನ ಕಡೆಯ ಆಳಂದ. ಹಳ್ಳಿಹಳ್ಳಿ ತಿರುಗುವ ಕೆಲಸ. ಬೈದವರನ್ನೂ ಬಾಗಿಲು ಹಾಕಿಕೊಂಡವರನ್ನೂ ಹೇಗೋ ನಿಭಾಯಿಸಿದ್ದೇನೆ, ಏಕೆಂದರೆ ನನ್ನ ಬಾಯಿಯೂ ಕಡಿಮೆಯದಲ್ಲ. ನನ್ನನ್ನು ಸೋಲಿಸಿದವರು ಹೌದ್ರಿ ಎನ್ನುವವರು.

“ಗುಳಿಗಿ ನುಂಗಿದ್ರಿ?”

“ಹೌದ್ರಿ.”

“ಕೆಮ್ಮು ಕಡಿಮಿ ಆತು?”

“ಹೌದ್ರಿ.”

ನೋಡಿದರೆ ಆ ಗುಳಿಗೆಗಳು ಗೋಡೆಯ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕ, ಕೊಟ್ಟ ಹಾಗೇ ಕೂತಿರುತ್ತಿದ್ದವು. ವಯಸ್ಸಾದವರಲ್ಲಿ ಈ ಗುಣ ಹೆಚ್ಚು. ಇದನ್ನು ಸುಳ್ಳು ಎನ್ನಲು ನನಗೆ ಮನಸ್ಸಾಗುವುದಿಲ್ಲ. ಕಲಿತವರೊಬ್ಬರು ಬಿಸಿಲಲ್ಲಿ ಮನೆತನಕ ಬಂದು ಏನೋ ಕೇಳುತ್ತಿದ್ದಾರೆ, ಇಲ್ಲ ಎಂದರೆ ಅವರ ಮುಖ ಸಣ್ಣದಾದೀತು ಎಂಬ ಮುಲಾಜು ಅದು. ಚಹಾ ಕೊಡುವ ಹಾಗೆ ಒಂದು ಹೌದ್ರಿ ಕೊಡುತ್ತಿದ್ದರು. ನಾವು ಅದನ್ನು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಿದ್ದೆವು.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಮಟಕಿ ಎಂಬ ಹಳ್ಳಿಯಲ್ಲಿ ಮಗ ಸೊಸೆ ಮೊಮ್ಮಕ್ಕಳ ಜೊತೆಗಿದ್ದಳು. ತುಂಬಿದ ಮನೆ. ಅವಳಿಗೆ ಊಟಕ್ಕೆ, ಬಟ್ಟೆಗೆ, ಮಾತಿಗೆ ಯಾವುದಕ್ಕೂ ಕೊರತೆ ಇರಲಿಲ್ಲ. ಇದ್ದ ಕೊರತೆ ಒಂದೇ, ರೊಟ್ಟಿ ಬಡಿಯಲು ಬಿಡುತ್ತಿರಲಿಲ್ಲ. ಎರಡೂ ಕಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಬೆಳೆದು ಪಾಪೆ ಬೆಳ್ಳಗಾಗಿತ್ತು. ಒಂದು ದಿನ ಒಲೆಯ ಮುಂದೆ ಸೆರಗಿಗೆ ಕಿಡಿ ಹತ್ತಿದ್ದು ಅವಳಿಗೆ ತಿಳಿಯಲೇ ಇಲ್ಲ, ವಾಸನೆ ಹಿಡಿದು ಸೊಸೆ ಓಡಿ ಬಂದು ಆರಿಸಿದಳಂತೆ. ಅಂದಿನಿಂದ ಸೊಸೆ ಬಹಳ ಮರ್ಯಾದೆಯಿಂದ, “ಇಷ್ಟು ದಿನ ಮಾಡೀರಿ ಅತ್ತಿ, ಇನ್ನ ಆರಾಮ ಕೂಡ್ರಿ” ಎಂದು ಹಂಚಿನ ಮುಂದಿನ ಜಾಗ ತಾನು ತೆಗೆದುಕೊಂಡಳು. ತಪ್ಪು ಸೊಸೆಯದಲ್ಲ. ಆದರೆ ಆರಾಮ ಕೂಡುವುದು ನಮ್ಮ ದೊಡ್ಡವ್ವನಿಗೆ ಬರುವ ವಿದ್ಯೆಯಾಗಿರಲಿಲ್ಲ. ಶೇಂಗಾ ಒಡೆಯುವುದು, ಬತ್ತಿ ಹೊಸೆಯುವುದು, ಕೈಗೆ ಸಿಕ್ಕಿದ್ದನ್ನೆಲ್ಲ ಮಾಡುತ್ತಿದ್ದಳು. ನಾನು ಹೋದಾಗಲೆಲ್ಲ ಒಂದೇ ಮಾತು.

“ಹಿಟ್ಟು ನಾದೋದು ಕೈಗೆ ಗೊತ್ತದ ಬೇ. ಹಂಚಿನ ಮ್ಯಾಲ ರೊಟ್ಟಿ ಉಬ್ಬಿದ್ದು ಕಣ್ಣಿಗೇ ಕಾಣಬೇಕಲ್ಲ.”

ಎಂಬತ್ತರ ದಶಕ ಶುರುವಾದ ಹೊತ್ತು. ಆಳಂದದ ಕೆಲವು ವ್ಯಾಪಾರಸ್ಥರು ಸೇರಿ ಚಳಿಗಾಲದಲ್ಲಿ ಒಂದು ಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಸಿದರು. ನನ್ನನ್ನು ಅಲ್ಲಿ ಡ್ಯೂಟಿಗೆ ಹಾಕಿದ್ದರು. ದೊಡ್ಡವ್ವನನ್ನು ಕರೆದುಕೊಂಡು ಬಂದವಳು ನಾನೇ. ಅವಳ ಮಗ, ನನಗೆ ಅಣ್ಣನಾಗಬೇಕು, ಮೊದಲು ಒಪ್ಪಲಿಲ್ಲ. ಈ ವಯಸ್ಸಿನಲ್ಲಿ ಕಣ್ಣಿಗೆ ಕತ್ತರಿ ಯಾಕೆ ಎಂದ. “ವಯಸ್ಸು ಆಕೀದು, ಕಣ್ಣೂ ಆಕೀದು, ನಿಂದೇನು ನಡಬರಕ?” ಎಂದು ನಾನು ಬಾಯಿ ಮಾಡಿದ ಮೇಲೆ ಗಾಡಿ ಕಟ್ಟಿದ.

ಶಾಲೆಯ ಬೆಂಚುಗಳನ್ನೆಲ್ಲ ಹೊರಗೆ ಹಾಕಿ, ನೆಲಕ್ಕೆ ಹುಲ್ಲು, ಹುಲ್ಲಿನ ಮೇಲೆ ಜಮಖಾನೆ ಹಾಸಿದ್ದರು. ಮುದುಕರು ಮುದುಕಿಯರು ಸಾಲಾಗಿ ಮಲಗಿರುತ್ತಿದ್ದರು. ಆಗಿನ ಪದ್ಧತಿ ಈಗಿನಂತಲ್ಲ. ಒಂದು ಕಣ್ಣಿಗೆ ಆಪರೇಷನ್ ಆದರೆ ಎರಡಕ್ಕೂ ಪಟ್ಟಿ. ಇನ್ನೊಂದು ಕಣ್ಣು ಬಿಟ್ಟರೆ ಅದು ಆಚೆ ಈಚೆ ಹೊರಳುತ್ತದೆ, ಅದರ ಜೊತೆಗೆ ಹೊಲಿಗೆ ಹಾಕಿದ ಕಣ್ಣೂ ಹೊರಳಿ ಗಾಯ ಬಿಚ್ಚುತ್ತದೆ ಎಂದು. ತಲೆ ಅಲುಗಾಡದ ಹಾಗೆ ಎರಡು ಬದಿಗೂ ಮರಳಿನ ಚೀಲ. ಸೀನಬಾರದು, ಕೆಮ್ಮಬಾರದು, ರೊಟ್ಟಿ ಅಗಿಯಬಾರದು. ಹಾಲು, ಗಂಜಿ, ಬ್ರೆಡ್ಡು ಅಷ್ಟೇ.

ಆಪರೇಷನ್ ಮಾಡಿದ ಡಾಕ್ಟರು ಮೈಸೂರು ಕಡೆಯವರು. ಬಹಳ ಚಿಕ್ಕ ವಯಸ್ಸು, ಮೀಸೆ ಕೂಡ ಸರಿಯಾಗಿ ದಟ್ಟವಾಗಿರಲಿಲ್ಲ. ಅವರ ಕನ್ನಡ ಕೇಳಿ ನಮ್ಮ ಮುದುಕರು ರೇಡಿಯೋ ಮಾತಾಡಿದ ಹಾಗೆ ಕಿವಿಗೊಡುತ್ತಿದ್ದರು. ಮೊದಲ ದಿನವೇ ಅವರು ನನ್ನನ್ನು ಕರೆದು, “ಸಿಸ್ಟರ್, ಇವರೆಲ್ಲ ಕೊರಳಲ್ಲಿ ಲಿಂಗ ಕಟ್ಟಿದಾರೆ. ತೆಗೆಸಬೇಕು ಅಂತ ರೂಲ್ಸಿದೆ. ಬೇರೆ ಎಲ್ಲಾದ್ರೂ ಕಟ್ಟಿಕೊಂಡ್ರೆ ನಡೆಯುತ್ತಾ, ಕೇಳಿ” ಎಂದರು. ಕೇಳಿದೆ. ತೋಳಿಗೆ ಕಟ್ಟಿಕೊಂಡರೆ ನಡೆಯುತ್ತದೆ ಎಂದರು. ಹಾಗೇ ಮಾಡಿದೆವು. ಅಷ್ಟಕ್ಕೇ ನಾವಿಬ್ಬರೂ ದೊಡ್ಡ ಗುಡ್ಡ ಕಡಿದು ಹಾಕಿದವರ ಹಾಗೆ ಬೀಗಿದೆವು.

ಆಪರೇಷನ್ನಿಗೆ ಮೊದಲು ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ಪರೀಕ್ಷೆ ಮಾಡುತ್ತಿದ್ದರು. ಪೊರೆ ಪೂರ್ತಿ ಬಲಿತಿದ್ದರೆ ಅದರ ಹಿಂದಿನ ನರ ಹೇಗಿದೆಯೋ ಕಾಣುವುದಿಲ್ಲ. ಬೆಳಕನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಹಿಡಿದು ರೋಗಿಯನ್ನೇ ಕೇಳಬೇಕು. ನರ ಜೀವಂತವಿದ್ದರೆ ಬೆಳಕು ಯಾವ ಕಡೆಯದೆಂದು ತಿಳಿಯುತ್ತದೆ.

“ಈ ಕಡೆ ಬೆಳಕು ಗೊತ್ತಾಗುತ್ತಾ ಅಜ್ಜಿ?”

“ಹೌದ್ರಿ.”

“ಇಲ್ಲಿ?”

“ಹೌದ್ರಿ ಸಾಹೇಬ್ರ.”

ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಸಾಲು ಬಾವಿಯ ತನಕ ಬೆಳೆದಿತ್ತು. ಬಲಗಣ್ಣು ಎಂದು ಬರೆದು ಮುಂದಿನವರನ್ನು ಕರೆದೆವು.

ಆಪರೇಷನ್ ಸಲೀಸಾಗಿ ಆಯಿತು. ಮರುದಿನ ಬೆಳಿಗ್ಗೆ ಹಾಲು ಕೊಟ್ಟು ಬಂದೆ. ಕುಡಿದೆಯಾ ಎಂದರೆ ಕುಡಿದೆ ಎಂದಳು. ಮಧ್ಯಾಹ್ನ ಅವಳ ತುಟಿ ನೋಡಿದರೆ ಬಿರಿದು ಹಪ್ಪಳವಾಗಿತ್ತು. ಅನುಮಾನ ಬಂದು ಹುಡುಕಿದರೆ ಗೋಡೆಯ ಬದಿಗೆ, ಗಂಟಿನ ಹಿಂದೆ, ಹಾಲಿನ ಗ್ಲಾಸು ಕೆನೆಗಟ್ಟಿ ಕೂತಿತ್ತು. ನನ್ನ ಸಿಟ್ಟು ನೆತ್ತಿಗೇರಿತು.

“ಸುಳ್ಳ ಹೇಳ್ತಿಯೇನು ದೊಡ್ಡವ್ವ? ಹನಿ ನೀರಿಲ್ದ ಮಲಗೀದಿ. ತಲಿ ತಿರುಗಿ ಬಿದ್ರ ಕಣ್ಣು ಉಳೀತದ?”

“ಪೂಜಿ ಆಗಿಲ್ಲ ಬೇ,” ಎಂದಳು ಮೆಲ್ಲಗೆ. “ಕಣ್ಣಿಗಿ ಪಟ್ಟಿ ಕಟ್ಟೀರಿ. ನೋಡದ ಹ್ಯಾಂಗ ಪೂಜಿ ಆಗ್ತದ?”

ಆಗ ನನಗೆ ಹೊಳೆಯಿತು. ಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು, ವಿಭೂತಿ ಹಚ್ಚಿ, ಕಣ್ಣು ಕದಲಿಸದೆ ನೋಡುತ್ತ ಕೂಡುವುದೇ ಪೂಜೆಯ ಮುಖ್ಯ ಭಾಗ. ಅದಾಗದೆ ಅವಳು ಬಾಯಿಗೆ ನೀರೂ ಹಾಕುವವಳಲ್ಲ. ನಾನೂ ಲಿಂಗ ಕಟ್ಟಿದ ಮನೆಯವಳೇ, ಆದರೆ ಡ್ಯೂಟಿಯ ಅವಸರದಲ್ಲಿ ನನ್ನ ಪೂಜೆ ಎಷ್ಟೋ ಸಲ ಬಸ್ಸಿನ ಸೀಟಿನಲ್ಲೇ ಮುಗಿಯುತ್ತಿತ್ತು. ಲಿಂಗ ತೋಳಿನಲ್ಲಿದೆ, ಆಯಿತಲ್ಲ ಎಂದುಕೊಂಡಿದ್ದೆ. ಆಚೆ ಈಚೆ ಕೇಳಿದರೆ ಅದೇ ಸಾಲಿನಲ್ಲಿ ಇನ್ನೂ ಕೆಲವರು ಹಾಗೇ ಉಪವಾಸ ಮಲಗಿದ್ದರು. ಎಲ್ಲರೂ ಬೆಳಿಗ್ಗೆ ಹೌದ್ರಿ ಎಂದವರೇ.

ಸಿಟ್ಟು ಇಳಿದಿರಲಿಲ್ಲ, ಅಂದುಬಿಟ್ಟೆ. “ಎರಡು ವರ್ಷ ಆತು, ನಿಂಗ ಲಿಂಗ ಎಲ್ಲಿ ಕಾಣ್ತಿತ್ತು? ಎಲ್ಲಾ ಮಬ್ಬು ಮಬ್ಬು ಅಂತಿದ್ದಿ. ಕಣ್ಣು ತಗದು ಕುಂತ್ರೂ ಅಷ್ಟ, ಮುಚ್ಚಿ ಕುಂತ್ರೂ ಅಷ್ಟ.”

“ನಂಗ ಕಾಣ್ಲಿ ಅಂತ ಕಣ್ಣು ತಗಿಯೋದಲ್ಲ,” ಎಂದಳು. “ಮನಿಗಿ ಬಂದವ್ರ ಮುಂದ ಬಾಗಲಾ ಹಾಕೊಂಡು ಕೂಡ್ತಾರೇನು?”

ಅಷ್ಟರಲ್ಲಿ ಡಾಕ್ಟರು ರೌಂಡಿಗೆ ಬಂದರು. ಏನು ಗಲಾಟೆ ಎಂದಾಗ ಏನಿಲ್ಲ ಎಂದೆ. ಅವರು ನನ್ನ ಕೈಯಲ್ಲಿದ್ದ ಗ್ಲಾಸು ನೋಡಿದರು. ನಿಂತು ಕೇಳಿದ್ದರೆ ದೊಡ್ಡವ್ವ ಮತ್ತೆ ಹೌದ್ರಿ ಎನ್ನುತ್ತಿದ್ದಳೋ ಏನೋ. ಅವರು ಜಮಖಾನೆಯ ಅಂಚಿಗೆ ಚಕ್ಕಳಬಕ್ಕಳ ಹಾಕಿ ಕೂತು, “ಅಜ್ಜಿ, ಪೂಜೆ ಹೇಗೆ ಮಾಡ್ತೀರಿ ನನಗೆ ಗೊತ್ತಿಲ್ಲ. ಮೊದಲಿಂದ ಹೇಳಿಕೊಡಿ” ಎಂದರು. ಅವಳು ಹೇಳಿದಳು. ಅವರು ನಡುನಡುವೆ ಕೇಳಿದರು. ಎಷ್ಟು ಹೊತ್ತು, ಬಗ್ಗಬೇಕಾ, ತಲೆ ಆಡಿಸಬೇಕಾ, ನೀರು ಕಣ್ಣಿಗೆ ಮುಟ್ಟುತ್ತದಾ. ಪಕ್ಕದ ಹಾಸಿಗೆಯ ಮುದುಕನೂ ಬಾಯಿ ಹಾಕಿದ, ಅದರ ಪಕ್ಕದವಳೂ. ನೋಡನೋಡುತ್ತ ಡಾಕ್ಟರ ಸುತ್ತ ಪಾಠಶಾಲೆಯೇ ಆಯಿತು.

ಎಲ್ಲ ಕೇಳಿ ಅವರು ನನಗೆ, “ಇನ್ನೊಂದು ಕಣ್ಣಿನ ಪಟ್ಟಿ ಬಿಚ್ಚೋಣ. ಪೂಜೆ ಮುಗಿಯೋವರೆಗೆ ಮಾತ್ರ” ಎಂದರು.

“ರೂಲ್ಸ್ ಇಲ್ಲಲ್ರೀ ಸರ್?” ಎಂದೆ.

“ಕಣ್ಣು ಅಲುಗಾಡಬಾರದು ಅನ್ನೋದಕ್ಕೆ ತಾನೇ ಆ ರೂಲ್ಸು? ಇವರು ಮಾಡೋದೂ ಅದೇ ಅಲ್ವಾ?”

ಹಿಂದೆ ದಿಂಬು ಕೊಟ್ಟು ದೊಡ್ಡವ್ವನನ್ನು ಮೆಲ್ಲಗೆ ಎಬ್ಬಿಸಿ ಕೂಡಿಸಿದೆವು. ಅವಳು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಬಿಳಿಯಾದ ಎಡಗಣ್ಣು ತೆರೆದು ಕೂತಳು. ರೆಪ್ಪೆ ಕೂಡ ಹೊಡೆಯಲಿಲ್ಲ. ಡಾಕ್ಟರು ಅವಳ ಕಣ್ಣನ್ನೇ ನೋಡುತ್ತ ಕೂತರು. ಪೂಜೆ ಮುಗಿಸಿ ಅವಳು ಹಾಲು ಕೇಳಿ ಕುಡಿದಳು, ಇನ್ನೊಂದು ಗ್ಲಾಸು ಇದೆಯೇನು ಎಂದಳು. ಅಂದಿನಿಂದ ಬೆಳಗಿನ ಮೊದಲ ಕೆಲಸ ಅದೇ ಆಯಿತು. ಉಳಿದ ಸಿಬ್ಬಂದಿ ಗೊಣಗಿದರು. ಗೊಣಗಲಿ ಎಂದೆ.

ಇಲ್ಲಿಗೇ ಮುಗಿದಿದ್ದರೆ ಹೇಳಲು ಎಷ್ಟು ಚೆನ್ನಾಗಿತ್ತು.

ಪಟ್ಟಿ ಬಿಚ್ಚುವ ದಿನ ಅಣ್ಣ ಮತ್ತು ಅವನ ಹೆಂಡತಿ ಹೊಸ ಸೀರೆ ತಂದಿದ್ದರು. ಡಾಕ್ಟರು ಹತ್ತಿ ತೆಗೆದು ಕಣ್ಣು ಒರೆಸಿ ಕೈ ಎತ್ತಿ ಹಿಡಿದರು.

“ಬೆರಳು ಕಾಣಿಸ್ತಾ ಅಜ್ಜಿ?”

“ಹೌದ್ರಿ.”

“ಎಷ್ಟಿವೆ?”

ದೊಡ್ಡವ್ವ ಮಾತು ಬಂದ ಕಡೆ ಮುಖ ತಿರುಗಿಸಿದಳು. “ನೀವು ಎಷ್ಟು ತೋರಸೀರಿ, ಅಷ್ಟ ಅವ್ರಿ,” ಎಂದಳು.

ಅಣ್ಣನ ಹೆಂಡತಿ ನಕ್ಕಳು. ಡಾಕ್ಟರು ನಗಲಿಲ್ಲ. ದಪ್ಪ ಗಾಜು ಹಿಡಿದು ಮತ್ತೆ ಕೇಳಿದರು, ಮತ್ತೆ ಅದೇ ಉತ್ತರ. ಕತ್ತಲೆ ಕೋಣೆಗೆ ಕರೆದೊಯ್ದು, ಈಗ ಪೊರೆ ಇಲ್ಲದ್ದರಿಂದ ಒಳಗೆ ನೋಡಲು ಬರುತ್ತಿತ್ತು, ಉಪಕರಣ ಹಿಡಿದು ಬಹಳ ಹೊತ್ತು ನೋಡಿದರು. ಹೊರಗೆ ಬಂದು ನನಗೊಬ್ಬಳಿಗೇ ಹೇಳಿದರು. ನರ ಒಣಗಿ ಹೋಗಿದೆ, ಆಪರೇಷನ್ನಿಗೆ ಎಷ್ಟೋ ಮೊದಲೇ ಹೋಗಿರಬೇಕು, ಈ ಕಣ್ಣಿಗೆ ಏನು ಮಾಡಿದರೂ ಬರುತ್ತಿರಲಿಲ್ಲ.

ಕರೆತಂದವಳು ನಾನು. ಇಂಥ ಹೊತ್ತಿನಲ್ಲಿ ಶಿಬಿರಗಳಲ್ಲಿ ಏನು ಹೇಳಿ ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ಚಾಳೀಸು, ಅಂದರೆ ಕನ್ನಡಕ, ಬಂದ ಮೇಲೆ ನಿಧಾನಕ್ಕೆ ಕಾಣುತ್ತದೆ ಎನ್ನುತ್ತಾರೆ. ಚಾಳೀಸು ಬರುವ ಹೊತ್ತಿಗೆ ಡಾಕ್ಟರು ಇನ್ನೊಂದು ಜಿಲ್ಲೆಯಲ್ಲಿರುತ್ತಾರೆ, ಮುದುಕರು ತಮ್ಮ ಹಣೆಬರಹ ಎಂದುಕೊಂಡು ಸುಮ್ಮನಾಗುತ್ತಾರೆ. “ಹಂಗ ಹೇಳ್ರಿ ಸರ್, ಇವತ್ತ ಒಂದಿನ ಆಕೀ ಮನಸ್ಸು ಮುರಿಬ್ಯಾಡ್ರಿ,” ಎಂದು ನಾನೇ ಕೇಳಿಕೊಂಡೆ.

ಅವರು ಒಳಗೆ ಹೋಗಿ, ಪೂಜೆಯ ಹೊತ್ತಿನಲ್ಲಿ ಕೂಡುತ್ತಿದ್ದ ಜಾಗದಲ್ಲೇ ಕೂತು, ದೊಡ್ಡವ್ವನ ಕೈ ಹಿಡಿದುಕೊಂಡರು.

“ಅಜ್ಜಿ, ಈ ಕಣ್ಣಿಗೆ ಇನ್ನು ಕಾಣೋದಿಲ್ಲ. ಹಿಂದಿನ ನರ ಮೊದಲೇ ಒಣಗಿತ್ತು. ಆಪರೇಷನ್ನಿಗೆ ಮುಂಚೆ ಅದನ್ನ ನಾನು ಕಂಡುಹಿಡೀಬೇಕಿತ್ತು. ಹಿಡೀಲಿಲ್ಲ. ನನ್ನಿಂದ ತಪ್ಪಾಯ್ತು.”

ದೊಡ್ಡವ್ವ ಸೆರಗು ಸರಿಮಾಡಿಕೊಂಡಳು.

“ಬೆಳಕು ಕಾಣ್ತದೇನು ಅಂತ ಕೇಳಿದ್ರಿ,” ಎಂದಳು. “ನಂಗ ಕಂಡಿರಲಿಲ್ರಿ. ಇಷ್ಟು ದೂರದಿಂದ ಬಂದು ಕೇಳಾಕತ್ತೀರಿ, ಇಲ್ಲ ಅನ್ನೋದು ಹ್ಯಾಂಗ ಅಂತ ಹೌದ್ರಿ ಅಂದೆ.”

“ಹಾಗೆ ಅಂತೀರಿ ಅಂತ ತಿಳಿದು ನಾನು ಬೇರೆ ಥರ ಕೇಳಬೇಕಿತ್ತು,” ಎಂದರು. “ಹೌದು ಇಲ್ಲ ಅನ್ನೋ ಪ್ರಶ್ನೆ ಕೇಳಿದ್ದೇ ತಪ್ಪು.”

ಅಣ್ಣ ಕೂಗಾಡತೊಡಗಿದ. ತಪ್ಪಾಯಿತು ಎಂದರೆ ಕಣ್ಣು ಬರುತ್ತದೇನು ಎಂದ. ಡಾಕ್ಟರು ಇಲ್ಲ ಎಂದರು. ಹೊಸ ಸೀರೆಯ ಗಂಟು ಬಿಚ್ಚದೆ ಗಾಡಿಯಲ್ಲಿ ಹಾಕಿಕೊಂಡು ಹೊರಡುವ ಹೊತ್ತಿಗೆ ದೊಡ್ಡವ್ವ ಮಗನನ್ನು ತಡೆದು ಡಾಕ್ಟರನ್ನು ಕರೆಸಿದಳು. ಎಡಗಣ್ಣಿನ ಗತಿ ಏನು ಎಂದು ಕೇಳಿದಳು.

ಕತ್ತಲೆ ಕೋಣೆಗೆ ಮತ್ತೆ ಕರೆದೊಯ್ದರು. ಈ ಸಲ ಕಾಣುತ್ತಾ ಎಂದು ಕೇಳಲಿಲ್ಲ. “ಬೆಳಕು ಎಲ್ಲಿದೆಯೋ ಅಲ್ಲಿ ಕೈ ಚಾಚಿ ಹಿಡೀರಿ” ಎಂದರು. ಟಾರ್ಚನ್ನು ಒಂದೊಂದು ಸಲ ಒಂದೊಂದು ಕಡೆ ಹಿಡಿದರು. ದೊಡ್ಡವ್ವನ ಕೈ ನೊಣ ಹಿಡಿದ ಹಾಗೆ ಪ್ರತಿ ಸಲವೂ ಹೋಗಿ ಟಾರ್ಚಿಗೇ ತಾಗಿತು. ಒಂದು ಸಲ ಟಾರ್ಚ್ ಆರಿಸಿ ಕೇಳಿದರು. ಅವಳು ಕೈ ಎತ್ತಲಿಲ್ಲ. “ಈಗ ಇಲ್ರಿ,” ಎಂದಳು. ಅವಳ ಬಾಯಲ್ಲಿ ಡಾಕ್ಟರ ಪ್ರಶ್ನೆಗೆ ಬಂದ ಮೊದಲ ಇಲ್ಲ ಅದು.

“ಈ ಕಣ್ಣು ಬರಬಹುದು,” ಎಂದರು ಡಾಕ್ಟರು. “ಬಂದೇ ಬರುತ್ತೆ ಅಂತ ನಾನು ಹೇಳೋದಿಲ್ಲ.”

ಆ ವರ್ಷ ನನಗೆ ಮಟಕಿಗೆ ಹೋಗುವುದೆಂದರೆ ಸಂಕಟ. ಶಿಬಿರಕ್ಕೆ ಹೋದರೆ ಕಣ್ಣು ಕೀಳುತ್ತಾರೆ ಎಂದು ಊರೆಲ್ಲ ಮಾತಾಯಿತು. ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿ ಎಂದು ಹೋದರೂ, ಮೊದಲು ನಿಮ್ಮ ದೊಡ್ಡವ್ವನ ಕಣ್ಣು ನೋಡ್ರಿ ಎನ್ನುತ್ತಿದ್ದರು. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದ. ಅತ್ತಿಗೆ ನೀರು ಕೊಡುತ್ತಿದ್ದಳು, ಚಹಾ ಕೊಡುತ್ತಿರಲಿಲ್ಲ. ನಾನು ದೊಡ್ಡವ್ವನ ಹತ್ತಿರ ಕೂತು ಶೇಂಗಾ ಒಡೆದು ಎದ್ದು ಬರುತ್ತಿದ್ದೆ. ಎರಡನೆಯ ಕಣ್ಣಿನ ಮಾತು ನಾನಾಗಿ ಎತ್ತಲೇ ಇಲ್ಲ. ಎತ್ತುವ ಧೈರ್ಯ ನನಗಿರಲಿಲ್ಲ.

ಎತ್ತಿದವಳು ಅವಳೇ. ಹೊಲದಲ್ಲಿ ಜೋಳ ತೆನೆ ಹಿಡಿದ ಹೊತ್ತು. ಶಿಬಿರ ಮತ್ತೆ ನಡೆಯುತ್ತದೆಂಬ ಸುದ್ದಿ ಬಂದಿತ್ತು. ಮನೆಯವರೆಲ್ಲ ಊಟಕ್ಕೆ ಕೂತಾಗ ಬರುವ ಡಾಕ್ಟರು ಯಾರೆಂದು ನನ್ನನ್ನು ಕೇಳಿದಳು. ಅವರೇ ಎಂದೆ.

“ಹಂಗಾದ್ರ ನಾ ಹೋಗ್ತೇನಿ.”

ಅಣ್ಣ ತಟ್ಟೆ ಸರಿಸಿದ. “ಒಂದು ಕಳಕೊಂಡಿ, ಸಾಲಲಿಲ್ಲೇನು? ಇದ್ದದ್ದೂ ಹೋದ್ರ?”

“ಹೋದ್ರ, ಹೋತು ಅಂತ ಆ ಡಾಕ್ಟರು ನಂಗ ಹೇಳ್ತಾರ,” ಎಂದಳು ದೊಡ್ಡವ್ವ. “ನೀವೆಲ್ಲಾ ನಂಗ ಛಲೋ ಮಾತೇ ಹೇಳ್ತೀರಿ. ರೊಟ್ಟಿ ಸುಟ್ರೂ ಛಲೋ ಆಗ್ಯಾವ ಅಂತಿದ್ರಿ, ಸೆರಗು ಹತ್ತೋತನಾ. ಅವ್ರೊಬ್ರು ಖರೇ ಹೇಳಿದ್ರು. ಗಾಡಿ ಕಟ್ಟತಿಯೋ, ನಡಕೊಂತ ಹೋಗ್ಲೋ?”

ಅಣ್ಣ ಗಾಡಿ ಕಟ್ಟಿದ. ಶಾಲೆಯ ಬಾಗಿಲಲ್ಲಿ ಇಳಿದಾಗ ನೋಡಿದರೆ ಮಟಕಿಯಿಂದ ಬಂದವರು ನಾವಷ್ಟೇ.

ಆ ವರ್ಷದ ಶಿಬಿರದಲ್ಲಿ ಕತ್ತಲೆ ಕೋಣೆಯ ಪರೀಕ್ಷೆ ನಿಧಾನ. ಎಲ್ಲ ಮುದುಕರೂ ಕೈ ಚಾಚಿ ಬೆಳಕು ಹಿಡಿಯಬೇಕು. ಸಿಗದವರಿಗೆ ಡಾಕ್ಟರು ಅಲ್ಲೇ ಕೂತು ತಿಳಿಸಿ ಹೇಳಿ ಕಳಿಸುತ್ತಿದ್ದರು. ಹಾಗೆ ವಾಪಸು ಹೋದವರು ಅಳುತ್ತ ಹೋದದ್ದನ್ನೂ ಕಂಡಿದ್ದೇನೆ. ವ್ಯಾಪಾರಸ್ಥರಿಗೆ ಅದು ಹಿಡಿಸಲಿಲ್ಲ, ಆಪರೇಷನ್ ಕಡಿಮೆಯಾದವು ಎಂದರು. ಡಾಕ್ಟರು ಹೌದು, ಕಡಿಮೆಯಾದವು ಎಂದರು. ದೊಡ್ಡವ್ವನಿಗೆ ಈ ಸಲ ಬೆಳಗಿನ ಪೂಜೆಗೆ ತೆರೆಯಲು ಕಾಣುವ ಕಣ್ಣೇ ಉಳಿದಿರಲಿಲ್ಲ. ಡಾಕ್ಟರು ಅದನ್ನೂ ಆಪರೇಷನ್ನಿಗೆ ಮೊದಲೇ ಕೇಳಿದ್ದರು. ಸತ್ತ ಬಲಗಣ್ಣನ್ನೇ ಬಿಚ್ಚಿರಿ, ಬಾಗಿಲು ತೆರೆದಿದ್ದರೆ ಸಾಕು ಎಂದಿದ್ದಳು. ಹಾಗೇ ಮಾಡಿದೆವು.

ಪಟ್ಟಿ ಬಿಚ್ಚುವ ದಿನ ಹೊಸ ಸೀರೆ ಯಾರೂ ತಂದಿರಲಿಲ್ಲ. ಅಣ್ಣ ಬಾಗಿಲಾಚೆ ಗೋಡೆಗೆ ಒರಗಿ ನಿಂತಿದ್ದ, ಒಳಗೆ ಬರಲಿಲ್ಲ. ಡಾಕ್ಟರು ಹತ್ತಿ ತೆಗೆದು, ದಪ್ಪ ಗಾಜನ್ನು ಅವಳ ಎಡಗಣ್ಣಿನ ಮುಂದೆ ಹಿಡಿದರು. ಬೆರಳು ತೋರಿಸಲಿಲ್ಲ. “ಏನು ಕಾಣ್ತಿದೆಯೋ ನೀವೇ ಹೇಳಿ,” ಎಂದರು.

ದೊಡ್ಡವ್ವ ಕಣ್ಣು ಕಿರಿದು ಮಾಡಿ ಎದುರಿಗಿದ್ದ ಮುಖವನ್ನು ನೋಡಿದಳು. ನೋಡುತ್ತಲೇ ಇದ್ದಳು. ಆಮೇಲೆ ನನ್ನ ಕಡೆ ತಿರುಗಿ, “ಡಾಕ್ಟರ್ ಸಾಹೇಬ್ರು ಎಲ್ಲಿ ಬೇ?” ಎಂದಳು.

“ನಾನೇ ಅಜ್ಜಿ,” ಎಂದರು ಅವರು.

“ಹೋದ ವರ್ಷ ತಪ್ಪಾತು ಅಂದವ್ರು?”

“ನಾನೇ.”

ನಾನು ಅತ್ತುಬಿಟ್ಟೆ. ಅಣ್ಣ ಒಳಗೆ ಬಂದಿದ್ದ. ದೊಡ್ಡವ್ವ ನಮ್ಮಿಬ್ಬರನ್ನೂ ಗಮನಿಸಲಿಲ್ಲ. ಕೈ ಚಾಚಿ ಡಾಕ್ಟರ ಗಲ್ಲ ಮುಟ್ಟಿದಳು.

“ಯಾರೋ ತಲಿ ಹಣ್ಣಾದವ್ರು ಅಂತ ತಿಳದಿದ್ದೆ. ಇಷ್ಟ ಸಣ್ಣಾವ ಇದ್ದೀಯೇನಪ್ಪ?” ಎಂದಳು. “ಹಂಗಾದ್ರ ಇನ್ನ ಭಾಳ ಮಂದಿ ಮುಂದ ಹಂಗ ಕುಂತು ಖರೇ ಹೇಳಬೇಕಾಗ್ತದ ನಿಂಗ. ರೂಢಿ ಬಿಡಬ್ಯಾಡ.”